ಅಗ್ಗಕ್ಕೆ ಸಿಗುವ ವಿಮಾನದ ದುಬಾರಿ ಲೆಕ್ಕ

ನಾನೂ ಹುಬ್ಬಳ್ಳಿ ಕಡೆಯ ಗೆಳೆಯನೊಬ್ಬನೂ ಸೇರಿ 2016ರಲ್ಲಿ ಕೊಂಡ ವಿಮಾನಕ್ಕೆ ಕೊಟ್ಟದ್ದು 38,000 ಡಾಲರ್. ತಲೆಗೆ 19,000. ಆಗಿನ ದರದಲ್ಲಿ ಹದಿಮೂರು ಲಕ್ಷ ರೂಪಾಯಿಗೂ ತುಸು ಕಡಿಮೆ. ಅಷ್ಟು ದುಡ್ಡಿಗೆ ಬೆಂಗಳೂರಿನಲ್ಲಿ ಥರ್ಟಿ-ಫಾರ್ಟಿ ಸೈಟು ತೋರಿಸಲು ಬ್ರೋಕರ್ ಕೂಡ ಗಾಡಿ ಹತ್ತುತ್ತಿರಲಿಲ್ಲ. ಈ ಅಂಕಿ ಕೇಳಿದ ನೆಂಟರಲ್ಲಿ ಅರ್ಧ ಜನ ನಾನು ಸುಳ್ಳು ಹೇಳುತ್ತಿದ್ದೇನೆ ಎಂದುಕೊಳ್ಳುತ್ತಾರೆ, ಉಳಿದರ್ಧ ಜನ ತಮಗೂ ಒಂದು ನೋಡು ಎನ್ನುತ್ತಾರೆ. ಈ ಅಂಕಣ ಎರಡನೆಯ ಗುಂಪಿಗೆ.

ವಿಮಾನ 1974ರ ಸೆಸ್ನಾ 172. ನಾಲ್ಕು ಸೀಟು, 150 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್, ರೆಕ್ಕೆ ತಲೆಯ ಮೇಲೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿರುವ ರೀಡ್-ಹಿಲ್‌ವ್ಯೂ ಎಂಬ ಸಣ್ಣ ವಿಮಾನ ನಿಲ್ದಾಣದಲ್ಲಿ ಬಯಲಿನಲ್ಲೇ ಹಗ್ಗ ಬಿಗಿದು ನಿಲ್ಲಿಸಿರುತ್ತೇವೆ. ಹ್ಯಾಂಗರ್ ಬೇಕೆಂದರೆ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ ಮರೆತುಬಿಡಬೇಕು. ಈ ಮಾದರಿಯ ವಿಮಾನಗಳು 1956ರಿಂದ ಮಾರುಕಟ್ಟೆಯಲ್ಲಿವೆ. ಈವರೆಗೆ ತಯಾರಾದವು 44,000ಕ್ಕೂ ಹೆಚ್ಚು, ಜಗತ್ತಿನಲ್ಲಿ ಬೇರಾವ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ.

ಹಳೆಯದು ಇಷ್ಟು ಅಗ್ಗಕ್ಕೆ ಸಿಗುವುದಕ್ಕೂ ಎಲ್ಲರ ಬಳಿ ಹಳೆಯದೇ ಇರುವುದಕ್ಕೂ ಒಂದು ಹಿನ್ನೆಲೆಯಿದೆ. ಅಪಘಾತದ ಪರಿಹಾರ ಮೊಕದ್ದಮೆಗಳ ಹೊರೆ ತಾಳಲಾರದೆ ಸೆಸ್ನಾ 1986ರಲ್ಲಿ ಇಂಥ ಸಣ್ಣ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿತು. ಹದಿನೆಂಟು ವರ್ಷ ದಾಟಿದ ವಿಮಾನದ ಬಗ್ಗೆ ತಯಾರಕರ ಮೇಲೆ ದಾವೆ ಹೂಡದಂತೆ 1994ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿದ ಮೇಲೆ, 1996ರಲ್ಲಿ ಮತ್ತೆ ಶುರುವಾಯಿತು. ಈಗ ಹೊಸ 172ರ ಬೆಲೆ ನಾಲ್ಕು ಲಕ್ಷ ಡಾಲರ್‌ಗೂ ಮೇಲೆ. ಹಾಗಾಗಿ ನಮ್ಮಂಥ ಸಂಬಳದವರು ನೋಡುವುದು ಐವತ್ತು ವರ್ಷದ ಮುದುಕರನ್ನೇ.

ಲೆಕ್ಕ ತಪ್ಪುವುದು ಇಲ್ಲಿಂದ. ವಿಮಾನಕ್ಕೆ ವಯಸ್ಸಾಗಿ ಅದರ ಬೆಲೆ ಇಳಿದಿರಬಹುದು, ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಹತ್ತನೆಯ ಒಂದು ಪಾಲು ಬೆಲೆಗೆ ಕೊಂಡ ವಿಮಾನಕ್ಕೂ ಟೈರು, ಮ್ಯಾಗ್ನೆಟೋ, ಸಿಲಿಂಡರ್ ಹಾಕಿಸುವಾಗ ನಾಲ್ಕು ಲಕ್ಷದ ವಿಮಾನದವನು ಕೊಡುವ ದುಡ್ಡನ್ನೇ ಕೊಡಬೇಕು. ಮೆಕ್ಯಾನಿಕ್‌ನ ಗಂಟೆಯ ದರವೂ ಅದೇ. ಕೆಲಸ ಮಾತ್ರ ಹಳೆಯದಕ್ಕೇ ಜಾಸ್ತಿ. ನಮ್ಮ ವಿಮಾನದ ಆಲ್ಟರ್ನೇಟರ್ ಫೋರ್ಡ್ ಕಾರಿನ ಆಲ್ಟರ್ನೇಟರ್‌ನ ವಂಶದ್ದೇ. ಹಾಗೆಂದು ಕಾರಿನ ಅಂಗಡಿಯಿಂದ ತಂದು ಹಾಕುವಂತಿಲ್ಲ. ವಿಮಾನಕ್ಕೆ ಹಾಕುವ ಪ್ರತಿ ತುಣುಕಿಗೂ ಎಫ್‌ಎಎ, ಅಂದರೆ ಅಮೆರಿಕದ ವಿಮಾನಯಾನ ಇಲಾಖೆ, ಒಪ್ಪಿದ ಕಾಗದ ಬೇಕು. ಆ ಕಾಗದಕ್ಕೆ ನಾವು ತೆರುವ ಬೆಲೆ ಹಲವು ಸಲ ಒಳಗಿನ ತಾಮ್ರ-ಕಬ್ಬಿಣಕ್ಕಿಂತ ಹೆಚ್ಚು.

ಇನ್ನು ಖಾತೆ ಬಿಚ್ಚುತ್ತೇನೆ. ವಿಮಾನ ಹಾರಲಿ ಬಿಡಲಿ, ವರ್ಷಕ್ಕೆ ಹೋಗುವ ದುಡ್ಡು ಹೀಗಿದೆ: ನಿಲ್ಲಿಸುವ ಜಾಗಕ್ಕೆ ತಿಂಗಳಿಗೆ 170ರಂತೆ 2,040 ಡಾಲರ್. ವಿಮೆ 1,300. ಕೌಂಟಿಯ ಆಸ್ತಿ ತೆರಿಗೆ ಸುಮಾರು 800. ಹೌದು, ಕ್ಯಾಲಿಫೋರ್ನಿಯಾದಲ್ಲಿ ಮನೆಯ ಹಾಗೆ ವಿಮಾನಕ್ಕೂ ಕಂದಾಯ ಉಂಟು, ಅದೂ ಇವತ್ತಿನ ಮಾರುಕಟ್ಟೆ ಬೆಲೆಯ ಮೇಲೆ. ವಾರ್ಷಿಕ ತಪಾಸಣೆ ಮತ್ತು ಅದರಲ್ಲಿ ಹೊರಬಿದ್ದ ರಿಪೇರಿ, ಸರಾಸರಿ 4,300. ಎರಡು ವರ್ಷಕ್ಕೊಮ್ಮೆ ಬರುವ ಟ್ರಾನ್ಸ್‌ಪಾಂಡರ್ ಪರೀಕ್ಷೆ, ನಕ್ಷೆಗಳ ಚಂದಾ ಇತ್ಯಾದಿಗೆ 500. ಕೂಡಿದರೆ ಒಂಬತ್ತು ಸಾವಿರದ ಆಸುಪಾಸು. ಇದರಲ್ಲಿ ಎಂಜಿನ್ ಒಮ್ಮೆಯೂ ಸ್ಟಾರ್ಟ್ ಆಗಿಲ್ಲ.

ಹಾರಿದರೆ ಗಂಟೆಗೆ ಎಂಟೂವರೆ ಗ್ಯಾಲನ್, ಅಂದರೆ ಸುಮಾರು 32 ಲೀಟರ್ ಪೆಟ್ರೋಲ್. ನಾವು ಕೊಡುವ ದರದಲ್ಲಿ 55 ಡಾಲರ್. ಆಯಿಲ್ ಮತ್ತು ಫಿಲ್ಟರ್‌ಗೆ ಐದು. ಟೈರು, ಮ್ಯಾಗ್ನೆಟೋ, ಪ್ರೊಪೆಲರ್ ಬಾಬ್ತು ಎತ್ತಿಡುವುದು ಎಂಟು. ಮುಂದೆ ಬರಲಿರುವ ಎಂಜಿನ್ ಓವರ್‌ಹಾಲ್‌ಗೆಂದು ಹತ್ತೊಂಬತ್ತು. ಒಟ್ಟು 87.

ಈಗ ಭಾಗಿಸಿ ನೋಡಿ. ವರ್ಷಕ್ಕೆ ಐವತ್ತೇ ಗಂಟೆ ಹಾರಿಸಿದರೆ ಗಂಟೆಗೆ ಬೀಳುವುದು 267 ಡಾಲರ್. ನೂರು ಗಂಟೆಯಾದರೆ 177. ಅದೇ ನಿಲ್ದಾಣದ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಇಂಥದೇ 172 ಪೆಟ್ರೋಲ್ ಸಮೇತ ಗಂಟೆಗೆ 180ರ ಸುತ್ತಮುತ್ತ ಬಾಡಿಗೆಗೆ ಸಿಗುತ್ತದೆ. ವಾರಾಂತ್ಯದಲ್ಲಿ ಮನಸ್ಸು ಬಂದಾಗ ಹಾರುವವನು ವರ್ಷಕ್ಕೆ ಐವತ್ತು ಗಂಟೆ ಮುಟ್ಟುವುದೇ ಕಷ್ಟ. ಅಂಥವನಿಗೆ ಬಾಡಿಗೆಯೇ ಲಾಭ, ಇದರಲ್ಲಿ ವಾದಕ್ಕೆ ಜಾಗವಿಲ್ಲ. ಆದರೆ ಇಬ್ಬರು ಸೇರಿ ತಲಾ ಐವತ್ತು ಗಂಟೆ ಹಾರಿಸಿದರೆ ಆ 177ರ ಲೆಕ್ಕ ಇಬ್ಬರಿಗೂ ದಕ್ಕುತ್ತದೆ. ನಮ್ಮ ಪಾಲುದಾರಿಕೆಯ ಗುಟ್ಟು ಇಷ್ಟೇ. ಸ್ನೇಹವೆಲ್ಲ ಆಮೇಲೆ ಬೆಳೆದದ್ದು.

ಪಾಲುದಾರಿಕೆಗೆ ಬರವಣಿಗೆಯ ಕರಾರು ಬೇಕು. ನಮ್ಮದು ಎರಡು ಪುಟ: ತಿಂಗಳಿಗೆ ಇಬ್ಬರೂ ಕಟ್ಟಬೇಕಾದ ಸಮಪಾಲು, ಹಾರಿದವನು ಗಂಟೆಗೆ ಹಾಕಬೇಕಾದ ಮೊತ್ತ, ಒಬ್ಬ ಬಿಟ್ಟು ಹೋದರೆ ಬೆಲೆ ಕಟ್ಟುವ ಬಗೆ, ಐನೂರು ಡಾಲರ್ ಮೀರಿದ ಕೆಲಸಕ್ಕೆ ಇಬ್ಬರ ಒಪ್ಪಿಗೆ. ಆ ಕೊನೆಯ ಷರತ್ತು ಗೆಳೆಯನದು. ಹೊಸ ರೇಡಿಯೋ ಹಾಕಿಸೋಣವೆಂದು ನಾನು ಬಾಯಿ ತೆರೆದಾಗಲೆಲ್ಲ ಅವನದು ಒಂದೇ ಮಾತು: “ಮೊದಲ ರೊಕ್ಕಾ ಹಾರತೈತಿ ನೋಡಪಾ, ವಿಮಾನ ಆಮ್ಯಾಲೆ.” ಹಾಕಿಸಿದ ರೇಡಿಯೋ, ಪರದೆಗಳಿಗೆ ಮಾರುವಾಗ ಅರ್ಧ ದುಡ್ಡು ವಾಪಸು ಬಂದರೆ ಪುಣ್ಯ. ಹಾಗಾಗಿ ಅವನ ಮಾತಿಗೆ ನನ್ನ ಬಳಿ ಉತ್ತರವಿಲ್ಲ. 2020ರ ಜನವರಿಯಿಂದ ಬಹುಪಾಲು ನಿಯಂತ್ರಿತ ವಾಯುಪ್ರದೇಶದಲ್ಲಿ ಎಡಿಎಸ್-ಬಿ ಎಂಬ ಸ್ಥಾನಸೂಚಕ ಕಡ್ಡಾಯವಾದಾಗ ಮಾತ್ರ ಚರ್ಚೆಯಿಲ್ಲದೆ ದುಡ್ಡು ಬಿಚ್ಚಿದೆವು.

ಎಂಜಿನ್ನಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹಳೆಯ ವಿಮಾನ ಕೊಳ್ಳುವವನು ನಿಜವಾಗಿ ಕೊಳ್ಳುವುದು ಎಂಜಿನ್ನಿನಲ್ಲಿ ಉಳಿದಿರುವ ಗಂಟೆಗಳನ್ನು. ನಮ್ಮ ಎಂಜಿನ್‌ಗೆ ತಯಾರಕರು ಹೇಳುವ ಓವರ್‌ಹಾಲ್ ಅವಧಿ 2,000 ಗಂಟೆ. ನಾವು ನೋಡಿದಾಗ 1,400 ಗಂಟೆ ಓಡಿತ್ತು. ಅದೇ ವಾರ ಇನ್ನೊಂದು 172 ನೋಡಿದ್ದೆವು. ಎಂಜಿನ್ 300 ಗಂಟೆಯದು, ಬೆಲೆ 52,000. ಆಗ ನಮಗೆ ಸಿಕ್ಕ ಓವರ್‌ಹಾಲ್ ಅಂದಾಜು 24,000 ಡಾಲರ್, ಅಂದರೆ ಗಂಟೆಗೆ ಹನ್ನೆರಡು. ಎರಡು ಎಂಜಿನ್‌ಗಳ ನಡುವಿನ ಅಂತರ 1,100 ಗಂಟೆ, ಹನ್ನೆರಡರಿಂದ ಗುಣಿಸಿದರೆ 13,200. ಬೆಲೆಯ ಅಂತರ 14,000. ಕಾಗದದ ಮೇಲೆ ಎರಡೂ ಒಂದೇ ವಿಮಾನ! ಕಡಿಮೆ ಬೆಲೆಯದನ್ನು ಹಿಡಿದು, ಉಳಿದ ಹದಿನಾಲ್ಕು ಸಾವಿರವನ್ನು ಎಂಜಿನ್ ಖಾತೆಯೆಂದು ಬ್ಯಾಂಕಿನಲ್ಲಿಟ್ಟೆವು. ಹಾಗೆ ಎತ್ತಿಡದೆ ಅಗ್ಗದ್ದು ಸಿಕ್ಕಿತೆಂದು ಹಿಗ್ಗುವವನು ಹಿಂದಿನ ಮಾಲೀಕನ ಸಾಲವನ್ನು ತನ್ನ ಹೆಸರಿಗೆ ಬರೆಸಿಕೊಂಡಿರುತ್ತಾನೆ.

ಬ್ಯಾಂಕಿನ ಬಡ್ಡಿ ನಡೆದ ವೇಗಕ್ಕೂ ಎಂಜಿನ್ ಅಂಗಡಿಗಳ ದರ ಓಡಿದ ವೇಗಕ್ಕೂ ತಾಳೆಯಾಗಲಿಲ್ಲ, ಅದು ಬೇರೆ ಮಾತು. ಈಗಿನ ಅಂದಾಜು 38,000. ವಿಮಾನಕ್ಕೆ ಕೊಟ್ಟ ದುಡ್ಡು ಅದರ ಎಂಜಿನ್‌ಗೇ ಸರಿಹೋಯಿತು.

ಅಂದಾಜಿಗೆ ಬರದ ಇನ್ನೊಂದು ಖರ್ಚಿದೆ, ಹಾರಿಸದೆ ಇರುವುದರ ಖರ್ಚು. ಲೈಕಮಿಂಗ್ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿ ಕೂತಿರುತ್ತದೆ. ವಿಮಾನ ನಿಂತರೆ ಅದರ ಮೇಲಿನ ಎಣ್ಣೆ ವಾರಗಳಲ್ಲಿ ಕೆಳಗಿಳಿದುಹೋಗುತ್ತದೆ. ಮಳೆಗಾಲದಲ್ಲಿ ಅಟ್ಟಕ್ಕೆ ಹಾಕಿದ ಈಳಿಗೆಮಣೆಯ ಹಾಗೆ ಬರಿಗಬ್ಬಿಣಕ್ಕೆ ತುಕ್ಕು ಹತ್ತುತ್ತದೆ. ತುಕ್ಕು ಹಿಡಿದ ಕ್ಯಾಮ್ ಮುಂದೆ ಓಡಿದಂತೆಲ್ಲ ಚೂರು ಚೂರು ಕೆರೆದುಕೊಳ್ಳುತ್ತದೆ, ಆ ಪುಡಿ ಫಿಲ್ಟರಿನಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಎಂಜಿನ್ ಬಿಚ್ಚದೆ ದಾರಿಯಿಲ್ಲ. “ಒಬ್ಬರೇ ಮಾಲೀಕರು, ತುಂಬಾ ಕಮ್ಮಿ ಹಾರಿಸಿದ್ದಾರೆ” ಎಂಬ ಜಾಹೀರಾತು ಕಾರಿಗೆ ಹೊಗಳಿಕೆಯಾಗಬಹುದು, ವಿಮಾನಕ್ಕೆ ಎಚ್ಚರಿಕೆ. ನಾನು ವರ್ಷಕ್ಕೆ ಇಪ್ಪತ್ತೇ ಗಂಟೆ ಓಡಿದ ಚಂದದ ವಿಮಾನವನ್ನು ಬಿಟ್ಟು, ಬಣ್ಣ ಮಾಸಿದ್ದರೂ ವಾರವಾರ ಹಾರಿದ್ದನ್ನು ಆರಿಸುತ್ತೇನೆ. ಇದು ಗೊತ್ತಾಗುವುದು ಲಾಗ್‌ಬುಕ್ಕಿನಲ್ಲಿ. ಹುಟ್ಟಿದಾಗಿನಿಂದ ನಡೆದ ಪ್ರತಿ ಕೆಲಸಕ್ಕೂ ಅಲ್ಲಿ ಸಹಿ ಇರಬೇಕು. ಒಂದು ಪುಸ್ತಕ ಕಳೆದಿದ್ದರೂ ಬೆಲೆಯಲ್ಲಿ ದೊಡ್ಡ ಕಡಿತ ಕೇಳಬಹುದು. ಕೊಳ್ಳುವ ಮುನ್ನ, ಮಾರುವವನ ಪರಿಚಯವಿಲ್ಲದ ಮೆಕ್ಯಾನಿಕ್‌ಗೆ ಆರುನೂರು ಏಳುನೂರು ಡಾಲರ್ ಕೊಟ್ಟು ತೋರಿಸಿ. ಇಡೀ ವ್ಯವಹಾರದಲ್ಲಿ ಅದಕ್ಕಿಂತ ಅಗ್ಗದ ವಿಮೆಯಿಲ್ಲ. ಕೊಂಡ ಮೇಲೆ ರಾಜ್ಯದ ತೆರಿಗೆಗೆ ಶೇಕಡಾ ಒಂಬತ್ತರಷ್ಟು ಬೇರೆ ಕೈಯಲ್ಲಿರಲಿ. ನಮಗೆ ಅದೇ ಮೂರು ಸಾವಿರದ ಮುನ್ನೂರಾಯಿತು.

ವಾರ್ಷಿಕ ತಪಾಸಣೆ ಹನ್ನೆರಡು ತಿಂಗಳಿಗೊಮ್ಮೆ ಆಗಲೇಬೇಕು, ಅದಕ್ಕೆಂದೇ ಅಧಿಕಾರ ಪಡೆದ ಮೆಕ್ಯಾನಿಕ್ ಸಹಿ ಹಾಕಬೇಕು. ಮುಚ್ಚಳಗಳನ್ನೆಲ್ಲ ಬಿಚ್ಚಿ, ರೆಕ್ಕೆಯೊಳಗಿನ ಕೇಬಲ್ಲುಗಳಿಂದ ಹಿಡಿದು ಸೀಟಿನ ಹಳಿಯವರೆಗೆ ನೋಡುತ್ತಾರೆ. ಸೀಟಿನ ಹಳಿ ತಮಾಷೆಯ ವಿಷಯವಲ್ಲ. ಹಳಿಯ ತೂತು ಸವೆದು, ಮೇಲೇರುವ ಹೊತ್ತಿನಲ್ಲಿ ಸೀಟು ಹಿಂದಕ್ಕೆ ಜಾರಿ ಪೈಲಟ್‌ನ ಕೈಗೆ ಸ್ಟೀರಿಂಗ್ ಸಿಗದೆ ಹೋದ ಅಪಘಾತಗಳಾಗಿವೆ. ಅದಕ್ಕೇ ಅದನ್ನು ಅಳೆದು ನೋಡಬೇಕೆಂಬ ಕಡ್ಡಾಯ ಆದೇಶವಿದೆ. ಮುಚ್ಚಳ ಬಿಚ್ಚುವ, ಮತ್ತೆ ಹಾಕುವ ಕೆಲಸವನ್ನು ನಮ್ಮ ಮೆಕ್ಯಾನಿಕ್ ತಮ್ಮ ಕಣ್ಣೆದುರು ನಮ್ಮಿಂದಲೇ ಮಾಡಿಸುತ್ತಾರೆ, ಅಷ್ಟು ಗಂಟೆಯ ಕೂಲಿ ಉಳಿಯುತ್ತದೆ. ಆಯಿಲ್ ಬದಲಿಸುವುದು, ಸ್ಪಾರ್ಕ್ ಪ್ಲಗ್ ಉಜ್ಜುವುದು, ಟೈರು ಬದಲಿಸುವುದು ಇವಕ್ಕೆ ಪೈಲಟ್ ಪರವಾನಗಿ ಇರುವ ಮಾಲೀಕನ ಸಹಿಯೇ ಸಾಕು.

ಒಂದು ವರ್ಷ ಅವರು ಊರಲ್ಲಿರಲಿಲ್ಲವೆಂದು ಬೇರೊಂದು ವರ್ಕ್‌ಶಾಪಿಗೆ ಬಿಟ್ಟೆವು. ಸಿಲಿಂಡರಿನಲ್ಲಿ 80 ಪೌಂಡ್ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ನೋಡುವ ಪರೀಕ್ಷೆಯಲ್ಲಿ ಮೂರನೆಯದು 58 ತೋರಿಸಿತು. ಅವರ ಶಿಫಾರಸು: ಹೇಗೂ ಹಳೆಯವು, ನಾಲ್ಕನ್ನೂ ಬದಲಿಸಿ. ಹತ್ತು ಸಾವಿರ ಡಾಲರ್. ಆಗ ನನಗೆ ನೆನಪಾದದ್ದು ವಾಡಿಂಗ್ಟನ್ ಎಂಬ ಬ್ರಿಟಿಷ್ ಜೀವವಿಜ್ಞಾನಿ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯ ಕೋಸ್ಟಲ್ ಕಮಾಂಡ್‌ನಲ್ಲಿ ಅವನ ತಂಡ ಬಾಂಬರ್‌ಗಳ ರಿಪೇರಿ ದಾಖಲೆ ಕೂಡಿಹಾಕಿತು. ಐವತ್ತು ಗಂಟೆಗೊಮ್ಮೆ ತಪಾಸಣೆಯಾದ ಬೆನ್ನಿಗೇ ಕೆಡುವುದು ಹೆಚ್ಚಾಗಿ, ಆಮೇಲೆ ಕಡಿಮೆಯಾಗುತ್ತಿತ್ತು. ಸುಮ್ಮನಿದ್ದದ್ದನ್ನು ಬಿಚ್ಚಿದ್ದೇ ಹಲವು ಕಡೆ ಕೇಡಾಗಿತ್ತು. ನಾಲ್ಕು ಸಿಲಿಂಡರ್ ಕಿತ್ತುಹಾಕುವುದು ದುಡ್ಡಿನ ಪ್ರಶ್ನೆಯಷ್ಟೇ ಅಲ್ಲವೆಂದು ನಮ್ಮ ಹಳೆಯ ಮೆಕ್ಯಾನಿಕ್ ಬರುವವರೆಗೆ ಕಾದೆವು. ಅವರು ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು, ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಕೂರುತ್ತಿರಲಿಲ್ಲ. ಸಿಲಿಂಡರ್ ಕೀಳದೆ, ಅಲ್ಲೇ ವಾಲ್ವನ್ನು ಪುಡಿ ಹಚ್ಚಿ ತಿಕ್ಕಿ ಕೂರಿಸಿದರು. 72 ಬಂತು. ಬಿಲ್ಲು ನಾನೂರು ಡಾಲರ್ ದಾಟಲಿಲ್ಲ.

ಪೆಟ್ರೋಲಿನ ಕಥೆಯನ್ನೂ ಹೇಳಬೇಕು. ಸಣ್ಣ ವಿಮಾನಗಳು ಕುಡಿಯುವುದು ಹೆಚ್ಚಾಗಿ 100ಎಲ್ಎಲ್ ಎಂಬ ಸೀಸ ಬೆರೆತ ಪೆಟ್ರೋಲ್. ರೀಡ್-ಹಿಲ್‌ವ್ಯೂ ಸುತ್ತ ಮನೆಗಳು ಒತ್ತಾಗಿವೆ, ಹತ್ತಿರದ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದೆಯೆಂದು 2021ರಲ್ಲಿ ಅಧ್ಯಯನ ಹೊರಬಂತು. 2022ರ ಜನವರಿ 1ರಿಂದ ಸಾಂಟಾ ಕ್ಲಾರಾ ಕೌಂಟಿ ತನ್ನ ಎರಡೂ ನಿಲ್ದಾಣಗಳಲ್ಲಿ ಸೀಸದ ಪೆಟ್ರೋಲ್ ಮಾರಾಟ ನಿಲ್ಲಿಸಿತು. ವಿಮಾನದವರಲ್ಲಿ ಬೈದವರೇ ಹೆಚ್ಚು. ನನಗೆ ಸಿಟ್ಟು ಬರಲಿಲ್ಲ. ನಮ್ಮ ಹಳೆಯ ಎಂಜಿನ್ 80 ಆಕ್ಟೇನ್‌ಗೆ ತಯಾರಾದದ್ದು, ಸೀಸವಿಲ್ಲದ 94 ಅದಕ್ಕೆ ಧಾರಾಳ. ಸ್ಪಾರ್ಕ್ ಪ್ಲಗ್ಗಿನಿಂದ ಸೀಸದ ಮಣಿ ಹೆಕ್ಕುವ ಕೆಲಸವೂ ತಪ್ಪಿತು. ಹೆಚ್ಚು ಒತ್ತಡದ ದೊಡ್ಡ ಎಂಜಿನ್ ಇಟ್ಟವರ ಪಾಡು ಬೇರೆ. ಚಿಂತೆ ಇರುವುದು ಬೇರೆ ಕಡೆ: 2031ರ ನಂತರ ನಿಲ್ದಾಣವನ್ನೇ ಮುಚ್ಚುವ ಮಾತನ್ನು ಕೌಂಟಿ ಆಡುತ್ತಿದೆ. ಹಾಗಾದರೆ ನಿಲ್ಲಿಸುವ ಜಾಗಕ್ಕೆ ನಮ್ಮ 170 ಡಾಲರಿನ ಲೆಕ್ಕವನ್ನು ಹರಿದುಹಾಕಬೇಕು.

ಅತ್ತಿಗೆಯ ತಮ್ಮ ಒಮ್ಮೆ ಹೇಳಿದ: “ಭಾವ, ಕನ್ನಡ ಕೂಟದವರನ್ನ ಲೇಕ್ ಟಾಹೋಗೆ ಕರ್ಕೊಂಡು ಹೋಗಿ ತಲೆಗಿಷ್ಟು ಅಂತ ಇಸ್ಕೊಳ್ಳಿ, ಖರ್ಚು ಹುಟ್ಟುತ್ತೆ.” ಹುಟ್ಟುವುದಿಲ್ಲ. ಖಾಸಗಿ ಪೈಲಟ್ ಪೆಟ್ರೋಲ್, ಆಯಿಲ್, ನಿಲ್ದಾಣದ ಶುಲ್ಕದಂಥವನ್ನು ಮಾತ್ರ ಹಂಚಿಕೊಳ್ಳಬಹುದು, ತನ್ನ ಪಾಲಿಗಿಂತ ಕಮ್ಮಿ ಹಾಕುವಂತಿಲ್ಲ. ಬಾಡಿಗೆ ದಂಧೆಗೆ ಬೇರೆ ಪರವಾನಗಿ, ಬೇರೆ ವಿಮೆ, ಬೇರೆ ತಪಾಸಣೆ. ಇದನ್ನು ಕೇಳಿ ಅವನು ಮುಖ ಸಣ್ಣ ಮಾಡಿದ. ನನಗಂತೂ ಈ ನಿಯಮ ಇಷ್ಟ, ನೆಂಟರ ಜತೆ ಚೌಕಾಸಿ ತಪ್ಪಿಸುತ್ತದೆ.

ನಮ್ಮ ಎಂಜಿನ್ ಈಗ 2,000 ಗಂಟೆ ದಾಟಿದೆ. ಖಾಸಗಿಯಾಗಿ ಹಾರಿಸುವವರಿಗೆ ಆ ಗಡಿ ಕಡ್ಡಾಯವಲ್ಲ. ಫಿಲ್ಟರ್ ಕೊಯ್ದು ನೋಡುತ್ತೇವೆ, ಆಯಿಲ್ ಸ್ಯಾಂಪಲ್ ಪ್ರಯೋಗಾಲಯಕ್ಕೆ ಕಳಿಸುತ್ತೇವೆ, ಕಬ್ಬಿಣದ ಅಂಶ ಏರಿಲ್ಲ. ಏರಿದ ದಿನ ಎಂಜಿನ್ ಕೆಳಗಿಳಿಸಬೇಕು. ಅದು ಅಂಗಡಿಯಿಂದ ತಿರುಗಿ ಬರಲು ತಿಂಗಳುಗಳೇ ಹಿಡಿಯುತ್ತವೆ, ನಿಲ್ಲಿಸಿದ ಜಾಗದ ಬಾಡಿಗೆಯಂತೂ ನಿಲ್ಲುವುದಿಲ್ಲ. ಹಾರದ ಆ ತಿಂಗಳುಗಳಿಗೆ ವಿಮೆ ಎಷ್ಟು ಇಳಿಸುತ್ತೀರಿ ಎಂದು ಏಜೆಂಟರಿಗೆ ಕೇಳಿ ಬರೆದಿದ್ದೇನೆ. ಗೆಳೆಯ ಆಗಲೇ ಫ್ಲೈಯಿಂಗ್ ಕ್ಲಬ್ಬಿನ ಬಾಡಿಗೆ ದರಪಟ್ಟಿ ತಂದಿಟ್ಟಿದ್ದಾನೆ.