ಉಳಿತಾಯ ಏರಲಿ, ರಕ್ತದೊತ್ತಡ ಏರದಿರಲಿ

ಆರೋಗ್ಯದ ಅಂಕಣದಲ್ಲಿ ಷೇರು, ಠೇವಣಿಗಳ ಮಾತೇಕೆ ಎಂದು ಓದುಗರಿಗೆ ಅನಿಸಬಹುದು. ಕಾರಣವಿದೆ. ರಾತ್ರಿ ನಿದ್ದೆ ಬರುವುದಿಲ್ಲ, ಎದೆ ಡವಡವ ಎನ್ನುತ್ತದೆ, ಹೊಟ್ಟೆಯಲ್ಲಿ ಉರಿ, ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ ಎಂದು ಬರುವ ಮೂವತ್ತು ನಲವತ್ತರ ಪ್ರಾಯದ ಉದ್ಯೋಗಸ್ಥರನ್ನು ವೈದ್ಯರು ಈಗ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗಿದೆ: "ಷೇರು ವ್ಯವಹಾರ ಉಂಟೋ? ದಿನಕ್ಕೆ ಎಷ್ಟು ಸಲ ಮೊಬೈಲಿನಲ್ಲಿ ಬೆಲೆ ನೋಡುತ್ತೀರಿ?" ಇಸಿಜಿ, ಥೈರಾಯ್ಡ್, ರಕ್ತಪರೀಕ್ಷೆ ಎಲ್ಲ ಸರಿಯಿದ್ದೂ ತೊಂದರೆ ಹೋಗದಿದ್ದರೆ, ಅದರ ಮೂಲ ಕೆಲವೊಮ್ಮೆ ಈ ಪ್ರಶ್ನೆಯ ಉತ್ತರದಲ್ಲಿ ಸಿಗುತ್ತದೆ.

ಉಳಿತಾಯ ಬೇಡವೆಂದು ಯಾರೂ ಹೇಳಲಾರರು. ಆದರೆ ಹಣ ಬೆಳೆಸುವ ಕೆಲಸವು ಹಣ ಗಳಿಸುವ ಕೆಲಸವನ್ನೇ ತಿನ್ನತೊಡಗಿದರೆ ಅದು ರೋಗ. ಇದನ್ನು ಗುರುತಿಸುವುದು ಹೇಗೆ, ತಡೆಯುವುದು ಹೇಗೆ ಎಂದು ನೋಡೋಣ.

ನಮ್ಮ ಜಿಲ್ಲೆಯ ಹಳೆಯ ಮದ್ದು

ಉಡುಪಿಯಲ್ಲಿ 1925ರಲ್ಲಿ ಸಿಂಡಿಕೇಟ್ ಬ್ಯಾಂಕನ್ನು ಆರಂಭಿಸಿದ ಮೂವರಲ್ಲಿ ಡಾ. ಟಿ. ಎಂ. ಎ. ಪೈ ಒಬ್ಬರು. ವೃತ್ತಿಯಿಂದ ಅವರು ವೈದ್ಯರು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ಏಜೆಂಟರು ಮನೆ, ಅಂಗಡಿಗಳ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆಯುತ್ತಿದ್ದರು. ದಿನಕ್ಕೆ ಎರಡಾಣೆ ಎಂದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಆ ಕಾಲಕ್ಕೆ ಅದು ಸಣ್ಣ ಮೊತ್ತವಾಗಿರಲಿಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು. ಆದರೂ ಪಿಗ್ಮಿ ಎಂಬ ಪದ ನಮ್ಮ ಮನೆಮಾತಿನಲ್ಲಿ ಉಳಿದಿದೆ.

ಈ ಯೋಜನೆಯಲ್ಲಿ ವೈದ್ಯರು ಮೆಚ್ಚುವ ಗುಣವೊಂದಿದೆ. ಹಣ ಕಟ್ಟುವವನಿಗೆ ಅರ್ಧ ನಿಮಿಷ ಸಾಕು. ನೇಕಾರ ಮಗ್ಗ ಬಿಟ್ಟು ಏಳಬೇಕಾಗಿಲ್ಲ, ಅಂಗಡಿಯವನು ಗಿರಾಕಿಯನ್ನು ಬಿಡಬೇಕಾಗಿಲ್ಲ. ಹಣ ಒಂದು ಕಡೆ ಬೆಳೆಯುತ್ತದೆ, ಮನಸ್ಸು ಕಸುಬಿನಲ್ಲಿರುತ್ತದೆ. ಇಂದಿನ ಉದ್ಯೋಗಸ್ಥರು ಕಳೆದುಕೊಳ್ಳುತ್ತಿರುವುದು ಇದನ್ನೇ.

ದೇಹದಲ್ಲಿ ನಡೆಯುವುದೇನು?

ನಮ್ಮ ಷೇರುಪೇಟೆ ತೆರೆದಿರುವುದು ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ. ಶಿಕ್ಷಕರು ಪಾಠ ಹೇಳುವ, ದಾದಿಯರು ಇಂಜೆಕ್ಷನ್ ಕೊಡುವ, ಗುಮಾಸ್ತರು ಲೆಕ್ಕ ಬರೆಯುವ ಹೊತ್ತೂ ಅದೇ. ಸರಕು ಪೇಟೆ ರಾತ್ರಿ ಹನ್ನೊಂದೂವರೆಯವರೆಗೂ ನಡೆಯುತ್ತದೆ. ಕ್ರಿಪ್ಟೋಗಂತೂ ಹಗಲು ರಾತ್ರಿಗಳ ಭೇದವಿಲ್ಲ.

ಷೇರಿನ ಬೆಲೆ ಕುಸಿದುದನ್ನು ಕಂಡಾಗ ದೇಹವು ಅದನ್ನು ಅಪಾಯವೆಂದೇ ತಿಳಿಯುತ್ತದೆ. ಅಡ್ರಿನಲಿನ್ ಸ್ರವಿಸುತ್ತದೆ. ನಾಡಿ ವೇಗವಾಗಿ, ರಕ್ತದೊತ್ತಡ ತಾತ್ಕಾಲಿಕವಾಗಿ ಏರುತ್ತದೆ. ಒಮ್ಮೆ ಆದರೆ ಚಿಂತೆಯಿಲ್ಲ. ದಿನಕ್ಕೆ ಮೂವತ್ತು ಸಲ ಆದರೆ ನಿದ್ದೆ, ಜೀರ್ಣಶಕ್ತಿ, ಸಿಟ್ಟು ಎಲ್ಲದರ ಮೇಲೂ ಪರಿಣಾಮವಾಗುತ್ತದೆ. ಪೇಟೆ ಸುಮಾರಾಗಿ ಎರಡು ದಿನಕ್ಕೊಮ್ಮೆ ಇಳಿಯುವುದು ಸಹಜ. ಗಳಿಕೆಯ ಸಂತೋಷಕ್ಕಿಂತ ನಷ್ಟದ ನೋವು ಮನಸ್ಸಿಗೆ ಹೆಚ್ಚು ನಾಟುವುದೂ ಸಹಜ. ಹಾಗಾಗಿ ದಿನವೂ ನೋಡುವವನ ಪಾಲಿಗೆ ಒಟ್ಟಿನಲ್ಲಿ ಬರುವುದು ನೋವೇ.

ಚೀನಾದ ಶಾಂಘಾಯಿ ನಗರದ 2006ರಿಂದ 2008ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರಿಗೆ, ಷೇರು ಸೂಚ್ಯಂಕ ಬಹಳ ಇಳಿದ ದಿನಗಳಲ್ಲಿ ಮಾತ್ರವಲ್ಲ, ಬಹಳ ಏರಿದ ದಿನಗಳಲ್ಲೂ ಹೃದ್ರೋಗದ ಸಾವುಗಳು ಹೆಚ್ಚಿದ್ದುದು ಕಂಡುಬಂತು. ಒಂದಕ್ಕೆ ಇನ್ನೊಂದೇ ಕಾರಣವೆಂದು ಇಷ್ಟರಿಂದ ಹೇಳಲಾಗದು. ಆದರೆ ಈಗಾಗಲೇ ಹೃದ್ರೋಗ, ರಕ್ತದೊತ್ತಡ ಇರುವವರು ಎಚ್ಚರ ವಹಿಸಲು ಇಷ್ಟು ಸಾಕು.

ಒಂದು ಸಣ್ಣ ಲೆಕ್ಕ

ಹಂಗಾರಕಟ್ಟೆಯಿಂದ ಸಾಸ್ತಾನಕ್ಕೆ ಬಂದು, ಬಸ್ಸು ಹಿಡಿದು ಮಣಿಪಾಲಕ್ಕೆ ಕೆಲಸಕ್ಕೆ ಹೋಗುವ ಒಬ್ಬರನ್ನು ಊಹಿಸಿಕೊಳ್ಳಿ. ಕೈಯಲ್ಲಿ 2 ಲಕ್ಷ ರೂಪಾಯಿ ಉಳಿತಾಯವಿದೆ. ದಿನಕ್ಕೆ ಒಂದು ಗಂಟೆ ಷೇರುಗಳ ಹಿಂದೆ ಬಿದ್ದು, ಸುಮ್ಮನೆ ಹೂಡಿದ್ದರೆ ಬರುತ್ತಿದ್ದುದಕ್ಕಿಂತ ನೂರಕ್ಕೆ ಮೂರು ಹೆಚ್ಚು ಗಳಿಸಿದರೆಂದೇ ಇಟ್ಟುಕೊಳ್ಳೋಣ. ವರ್ಷಕ್ಕೆ ಸಿಕ್ಕಿದ ಹೆಚ್ಚುವರಿ ಹಣ 6,000 ರೂಪಾಯಿ. ಪೇಟೆ ತೆರೆದ ದಿನಗಳು ಸುಮಾರು 250. ಅಂದರೆ 250 ಗಂಟೆ. ಗಂಟೆಗೆ ಬಿದ್ದ ಕೂಲಿ 24 ರೂಪಾಯಿ! ಅದೇ ಗಂಟೆಯನ್ನು ಹೊಸ ವಿದ್ಯೆ ಕಲಿಯಲು, ಇಲಾಖಾ ಪರೀಕ್ಷೆಗೆ ಓದಲು, ಕೊನೆಗೆ ಚೆನ್ನಾಗಿ ನಿದ್ದೆ ಮಾಡಲು ಬಳಸಿದ್ದರೆ?

ಹೆಚ್ಚು ಗಳಿಸುತ್ತಾರೆ ಎಂಬುದೂ ಊಹೆ ಮಾತ್ರ. ಅಮೆರಿಕದ 66,465 ಕುಟುಂಬಗಳ 1991ರಿಂದ 1996ರವರೆಗಿನ ಷೇರು ವ್ಯವಹಾರವನ್ನು ಪರಿಶೀಲಿಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಪೇಟೆ ವರ್ಷಕ್ಕೆ ಶೇ. 17.9 ಲಾಭ ಕೊಟ್ಟಿದ್ದಾಗ, ಅತಿ ಹೆಚ್ಚು ಕೊಡುಕೊಳ್ಳುವಿಕೆ ಮಾಡಿದವರಿಗೆ ದಕ್ಕಿದ್ದು ಶೇ. 11.4. ನಮ್ಮಲ್ಲಿ 'ಫ್ಯೂಚರ್ಸ್ ಮತ್ತು ಆಪ್ಶನ್ಸ್' ವಹಿವಾಟಿನ ಬಗ್ಗೆ ಸೆಬಿ 2024ರಲ್ಲಿ ಹೇಳಿದ್ದು ಇನ್ನೂ ಕಠೋರ. 2021-22ರಿಂದ ಮೂರು ಹಣಕಾಸು ವರ್ಷಗಳಲ್ಲಿ ವ್ಯಕ್ತಿಗತ ವಹಿವಾಟುದಾರರಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. ನಷ್ಟವಾದವರಲ್ಲಿ ಮುಕ್ಕಾಲು ಪಾಲು ಜನ ಮತ್ತೆಯೂ ವಹಿವಾಟು ಮುಂದುವರಿಸಿದರು. ಈ ಕೊನೆಯ ಮಾತನ್ನು ವೈದ್ಯರು ಬೇರೆಯೇ ಕಣ್ಣಿನಿಂದ ನೋಡುತ್ತಾರೆ.

ಚಿಕಿತ್ಸೆ ಏನು?

1. ಮೊದಲು ಮಳೆಗಾಲದ ಗಂಟು. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳಿಗೆ ಮೊದಲೇ ಕೂಡಿಡಬೇಕೆಂಬುದು ನಮ್ಮ ಕಡಲತೀರದ ಮನೆಗಳಿಗೆ ಗೊತ್ತು. ಸಂಬಳದಾರರಿಗೆ ಇಂಥ ಮಳೆಗಾಲ ತಾರೀಕು ಹೇಳಿ ಬರುವುದಿಲ್ಲ. ಆರು ತಿಂಗಳ ಖರ್ಚಿನಷ್ಟು ಹಣ ಬ್ಯಾಂಕಿನಲ್ಲಿರಲಿ. ತಮಿಳುನಾಡಿನ ಕಬ್ಬು ಬೆಳೆಗಾರರ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಟಾವಿನ ನಂತರ ಕೈಯಲ್ಲಿ ಹಣವಿದ್ದಾಗ ಬುದ್ಧಿಶಕ್ತಿಯ ಪರೀಕ್ಷೆಗಳನ್ನು ಚೆನ್ನಾಗಿ ಮಾಡಿದ ರೈತರೇ, ಕಟಾವಿನ ಮುಂಚೆ ಕೈ ಬರಿದಾಗಿದ್ದಾಗ ಹಿಂದೆ ಬಿದ್ದಿದ್ದರು. ಹಣದ ಕೊರತೆಯ ಚಿಂತೆ ಯೋಚಿಸುವ ಶಕ್ತಿಯನ್ನೇ ಕುಗ್ಗಿಸುತ್ತದೆ.

2. ಆರೋಗ್ಯ ವಿಮೆ, ಜೀವವಿಮೆ. ಇವು ಹೂಡಿಕೆಗಿಂತ ಮೊದಲು. ಐಸಿಯುವಿನ ಒಂದು ವಾರ ಹತ್ತು ವರ್ಷದ ಉಳಿತಾಯವನ್ನು ನುಂಗಬಲ್ಲುದು.

3. ತಾನಾಗಿಯೇ ಕಡಿತವಾಗಲಿ. ಸಂಬಳ ಬಂದ ಮರುದಿನವೇ ಆರ್.ಡಿ., ಪಿಪಿಎಫ್ ಅಥವಾ ಮ್ಯೂಚುವಲ್ ಫಂಡಿನ ಮಾಸಿಕ ಕಂತಿಗೆ ಹಣ ಹೋಗುವಂತೆ ಬ್ಯಾಂಕಿಗೆ ಒಮ್ಮೆ ಬರೆದುಕೊಡಿ. ಇದೇ ಇಂದಿನ ಪಿಗ್ಮಿ. ಐದಾರು ವರ್ಷದೊಳಗೆ ಮದುವೆ, ಮನೆ, ಕಾಲೇಜು ಶುಲ್ಕಕ್ಕೆ ಬೇಕಾಗುವ ಹಣವನ್ನು ಷೇರುಪೇಟೆಗೆ ಹಾಕಬೇಡಿ.

4. ನೋಡುವುದಕ್ಕೆ ಪಥ್ಯ. ಬಿ.ಪಿ. ಯಂತ್ರ ಕೊಂಡು ಗಂಟೆಗೊಮ್ಮೆ ಅಳೆಯುವವರ ಬಿ.ಪಿ. ಆತಂಕದಿಂದಲೇ ಏರುವುದುಂಟು. ಹೂಡಿಕೆಯೂ ಹಾಗೆಯೇ. ಮೂರು ತಿಂಗಳಿಗೊಮ್ಮೆ, ಒಂದು ಭಾನುವಾರ, ಒಂದು ಗಂಟೆ ಸಾಕು. ಮೊಬೈಲಿನಲ್ಲಿ ಬೆಲೆಯ ಸೂಚನೆಗಳನ್ನು ನಿಲ್ಲಿಸಿ. ಮಲಗುವ ಕೋಣೆಗೆ ಮೊಬೈಲು ಬೇಡ. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು.

5. ಮನೆಯಲ್ಲಿ ಒಂದು ಪುಸ್ತಕ. ಹಣದತ್ತ ತಿರುಗಿಯೂ ನೋಡದಿರುವುದು ಇನ್ನೊಂದು ಬಗೆಯ ಕಾಯಿಲೆ. ಹಗಲು ರಾತ್ರಿ ದುಡಿದು, ಎಲ್ಲವನ್ನೂ ಉಳಿತಾಯ ಖಾತೆಯಲ್ಲಿ ಬಿಟ್ಟು, ನಾಮಿನಿಯ ಹೆಸರನ್ನೂ ಬರೆಯದವರಿದ್ದಾರೆ. ಯಜಮಾನರು ಪ್ರಜ್ಞೆಯಿಲ್ಲದೆ ಮಲಗಿರುವಾಗ, ವಿಮೆಯ ಕಾಗದ ಎಲ್ಲಿದೆಯೆಂದು ತಿಳಿಯದೆ ಪತ್ನಿ ಆಸ್ಪತ್ರೆಯ ವರಾಂಡದಲ್ಲಿ ನಿಂತಿರುವುದು ವೈದ್ಯರಿಗೆ ಹೊಸ ದೃಶ್ಯವಲ್ಲ. ಬ್ಯಾಂಕು, ಠೇವಣಿ, ವಿಮೆ, ಸಾಲ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದು ಮನೆಯವರಿಗೆ ತೋರಿಸಿಡಿ.

ಯಾವಾಗ ವೈದ್ಯರನ್ನು ಕಾಣಬೇಕು?

ಹೋದ ಹಣವನ್ನು ಮರಳಿ ಗಳಿಸಲೆಂದು ಮತ್ತೆ ಹೆಚ್ಚು ಹಣ ಹಾಕುವುದು; ಅದಕ್ಕಾಗಿ ಸಾಲ ಮಾಡುವುದು, ಬಂಗಾರ ಅಡವಿಡುವುದು; ನಷ್ಟವನ್ನು ಮನೆಯವರಿಂದ ಮುಚ್ಚಿಡುವುದು; ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿರುವುದು. ಇವು ಜೂಜಿನ ಚಟದ ಲಕ್ಷಣಗಳು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಜೂಜಿನ ಚಟವನ್ನು ಮದ್ಯ, ಮಾದಕ ದ್ರವ್ಯಗಳ ಚಟದ ವರ್ಗಕ್ಕೇ ಸೇರಿಸಿತು. ಬೈದರೆ, ಹಂಗಿಸಿದರೆ ಇದು ಗುಣವಾಗದು, ಚಿಕಿತ್ಸೆಯಿಂದ ಗುಣವಾಗುತ್ತದೆ. ಜೀವ ಕಳೆದುಕೊಳ್ಳುವ ಮಾತು ಬಾಯಲ್ಲಿ ಬಂದರೆ ಒಂದು ದಿನವೂ ಕಾಯಬೇಡಿ, ಅವರನ್ನು ಒಬ್ಬರೇ ಇರಲು ಬಿಡಬೇಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು.

ದುಡಿಯುವವರಿಗೆ ಬದುಕಿನ ಬಹುಕಾಲ ದೊಡ್ಡ ಬಂಡವಾಳವೆಂದರೆ ಅವರ ರಟ್ಟೆ, ಬುದ್ಧಿ ಮತ್ತು ಕೆಲಸದಲ್ಲಿ ಅವರು ಗಳಿಸಿದ ಹೆಸರು. ತಿಂಗಳು ತಿಂಗಳೂ ಉಳಿತಾಯಕ್ಕೆ ಹಣ ಒದಗಿಸುವುದು ಅದೇ. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ಮನೆಮಂದಿಯ ಜೊತೆ ಕುಳಿತು ಆ ಪುಸ್ತಕದ ಮೊದಲ ಪುಟ ಬರೆಯಿರಿ. ಸೋಮವಾರದಿಂದ ನಿಮ್ಮ ಗಮನ ನಿಮ್ಮ ಕೆಲಸದ ಮೇಲಿರಲಿ.