ತವರಿನಿಂದ ದೂರ ಉಳಿದ ಎಂಜಿನ್

ಬೆಟ್ಟವನ್ನೇರುವ ರೈಲುದಾರಿ ಬಯಲಿನ ರೈಲುದಾರಿಯಂತೆ ನೇರವಾಗಿರಲಾರದು. ಅದು ಕಣಿವೆಯ ಅಂಚಿನಲ್ಲಿ ಬಳಸಿ, ಸುತ್ತಿ, ಕೆಲವೆಡೆ ಹಿಂದಕ್ಕೂ ಮುಂದಕ್ಕೂ ಸರಿದು ಮೇಲೇರಬೇಕು. ಹಳಿಗಳ ನಡುವಣ ಅಂತರ ಕಿರಿದಾದಷ್ಟೂ ಬಿಗಿಯಾದ ತಿರುವುಗಳಲ್ಲಿ ರೈಲು ಸುಲಭವಾಗಿ ಹೊರಳುತ್ತದೆ. ದಾರಿ ಕಡಿಯುವ ವೆಚ್ಚವೂ ತಗ್ಗುತ್ತದೆ. ಈ ಕಾರಣದಿಂದಲೇ 1881ರಲ್ಲಿ ಡಾರ್ಜಿಲಿಂಗ್ ತಲುಪಿದ ಹಿಮಾಲಯದ ರೈಲುಮಾರ್ಗಕ್ಕೆ ಕೇವಲ 2 ಅಡಿ ಅಂತರದ ಹಳಿಗಳನ್ನು ಹಾಸಲಾಯಿತು.

ಈ ಮಾರ್ಗಕ್ಕಾಗಿ 1889ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಶಾರ್ಪ್ ಸ್ಟೂವರ್ಟ್ ಕಾರ್ಖಾನೆಯಲ್ಲಿ ಒಂದು ಪುಟ್ಟ ಉಗಿ ಎಂಜಿನ್ ಸಿದ್ಧವಾಯಿತು. ಅದರ ಸಂಖ್ಯೆ 19. ಮುಂದೆ ಅದು 778 ಆಯಿತು. ಅದಕ್ಕೆ ನಾಲ್ಕೇ ಗಾಲಿಗಳು. ಕುದುರೆಯ ಬೆನ್ನಿಗೆ ಜೀನು ಬಿಗಿದಂತೆ ಬಾಯ್ಲರಿನ ಮೇಲೆ ನೀರಿನ ತೊಟ್ಟಿಯನ್ನು ಕೂರಿಸಲಾಗಿತ್ತು. ಏರಿನಲ್ಲಿ ಗಾಲಿಗಳು ಜಾರದಂತೆ ಎಂಜಿನ್ನಿನ ಮುಂದೆ ಕುಳಿತ ಕೆಲಸಗಾರರು ಹಳಿಯ ಮೇಲೆ ಮರಳು ಚೆಲ್ಲುತ್ತಿದ್ದರು. ಮಳೆ, ಮಂಜು, ಭೂಕುಸಿತಗಳ ನಡುವೆ ಈ ಎಂಜಿನ್ ಸುಮಾರು ಎಪ್ಪತ್ತು ವರ್ಷ ದುಡಿಯಿತು.

ಮುದಿಯಾದ ಯಂತ್ರಗಳಿಗೆ ಸಾಮಾನ್ಯವಾಗಿ ಗುಜರಿಯೇ ಗತಿ. ಆದರೆ 19ನೆಯ ಎಂಜಿನ್ನನ್ನು 1960ರ ದಶಕದ ಆರಂಭದಲ್ಲಿ ಎಲಿಯಟ್ ಡಾನೆಲಿ ಎಂಬ ಅಮೆರಿಕದ ರೈಲುಪ್ರಿಯರು ಕೊಂಡುಕೊಂಡರು. ಅದು ಕಡಲು ದಾಟಿತು. ಅವರು ತೀರಿಕೊಂಡ ಬಳಿಕ ಇಂಡಿಯಾನಾ ರಾಜ್ಯದ ಹೆಸ್ಟನ್ ಸಂಗ್ರಹಾಲಯವನ್ನು ಸೇರಿತು. 1985ರಲ್ಲಿ ಅಲ್ಲಿ ಬೆಂಕಿ ಬಿದ್ದು ಎಂಜಿನ್ನಿಗೂ ಹಾನಿಯಾಯಿತು. ಹಲವು ವರ್ಷಗಳ ಮೇಲೆ ಆಡ್ರಿಯನ್ ಶೂಟರ್ ಎಂಬ ರೈಲ್ವೆ ಅಧಿಕಾರಿ ಅದನ್ನು ಕೊಂಡು ಇಂಗ್ಲೆಂಡಿಗೆ ತಂದರು. ಬರ್ಮಿಂಗ್‌ಹ್ಯಾಮ್ ನಗರದ ಟೈಸ್ಲಿಯ ಕುಶಲ ಕೆಲಸಗಾರರು ಅದನ್ನು ದುರಸ್ತಿಗೊಳಿಸಿದರು. ಆಕ್ಸ್‌ಫರ್ಡ್‌ಷೈರಿನಲ್ಲಿ ಶೂಟರ್ ತಮ್ಮ ಜಮೀನಿನಲ್ಲಿಯೇ ಹಾಸಿದ್ದ ಹಳಿಗಳ ಮೇಲೆ ಅದು ಮತ್ತೆ ಹೊಗೆಯುಗುಳುತ್ತ ಓಡಿತು.

ಹಳೆಯ ಎಂಜಿನ್ನನ್ನು ಕಾಪಾಡುವುದು ಬಣ್ಣ ಬಳಿದು ಕಟ್ಟೆಯ ಮೇಲೆ ನಿಲ್ಲಿಸಿದಷ್ಟು ಸುಲಭವಲ್ಲ. ಉಗಿಯ ಒತ್ತಡವನ್ನು ತಾಳುವ ಬಾಯ್ಲರು ಸವೆದಿದ್ದರೆ ಅಪಾಯ ತಪ್ಪಿದ್ದಲ್ಲ. ಆದುದರಿಂದ ಅದನ್ನು ಕಾಲಕಾಲಕ್ಕೆ ಪರೀಕ್ಷಿಸಲೇಬೇಕು. ಬಿಡಿಭಾಗಗಳು ಅಂಗಡಿಯಲ್ಲಿ ದೊರೆಯುವುದಿಲ್ಲ. ಅವನ್ನು ಹೊಸದಾಗಿಯೇ ಎರಕ ಹೊಯ್ಯಬೇಕು. ಸವೆದ ಭಾಗಗಳನ್ನು ಬದಲಿಸುತ್ತ ಹೋದಂತೆ ಹಳೆಯ ಲೋಹ ಕಡಿಮೆಯಾಗುತ್ತದೆ. ಓಡಿಸದೆ ಬಿಟ್ಟರೆ ಲೋಹ ಉಳಿದರೂ ಓಡಿಸುವ ವಿದ್ಯೆ ಮರೆತುಹೋಗುತ್ತದೆ. ಯಾವುದನ್ನು ಉಳಿಸಬೇಕು, ವಸ್ತುವನ್ನೋ ವಿದ್ಯೆಯನ್ನೋ ಎಂಬುದು ಪ್ರತಿಯೊಬ್ಬ ಸಂರಕ್ಷಕನನ್ನೂ ಕಾಡುವ ಪ್ರಶ್ನೆ.

ನಮ್ಮ ನಾಡಿನಲ್ಲಿಯೂ ಇಂತಹ ಕಿರುಹಳಿಗಳಿದ್ದುವು. ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ 1913ರಲ್ಲಿ, ಬೆಂಗಳೂರಿನ ಕಡೆಯಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಎರಡೂವರೆ ಅಡಿ ಅಂತರದ ಹಳಿಗಳ ಮೇಲೆ ರೈಲು ಓಡಿತು. ಇಂದು ಅಲ್ಲಿ ಬ್ರಾಡ್‌ಗೇಜ್ ಹಳಿಗಳಿವೆ. 1979ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರೈಲು ಸಂಗ್ರಹಾಲಯವು ಹಳೆಯ ರೈಲುಗಳ ನೆನಪನ್ನು ಕಾಯುತ್ತಿದೆ.

19ನೆಯ ಎಂಜಿನ್ ಹುಟ್ಟಿದ್ದು ಬ್ರಿಟನ್ನಿನಲ್ಲಿ, ಬಾಳಿದ್ದು ಹಿಮಾಲಯದಲ್ಲಿ. ಹುಟ್ಟಿದ ನಾಡಿಗೆ ಮರಳಿದರೂ ಅದು ತವರಿನಿಂದ ದೂರವೇ ಉಳಿಯಿತೆನ್ನಬೇಕು. ಏಕೆಂದರೆ ಅದಕ್ಕೆ ಹೆಸರು ತಂದದ್ದು ಡಾರ್ಜಿಲಿಂಗಿನ ಏರುದಾರಿ, ಅಲ್ಲಿಯ ಚಾಲಕರು, ಮರಳು ಚೆಲ್ಲಿದ ಕೈಗಳು. ಆ ಮಾರ್ಗವು 1999ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ಒಡಹುಟ್ಟುಗಳು ಅಲ್ಲಿ ಉಗಿಯೆಬ್ಬಿಸುತ್ತಲೇ ಇವೆ. ಹೊರನಾಡಿನವರು ಕಾಪಾಡಿದುದಕ್ಕೆ ನಾವು ಕೃತಜ್ಞರಾಗಿರಬೇಕು. ಆದರೆ ನಮ್ಮ ಊರಿನ ಹಳೆಯ ವಸ್ತುಗಳಿಗೆ ನಾವೇ ಕಾವಲುಗಾರರಾಗುವುದು ಅದಕ್ಕಿಂತ ಮಿಗಿಲಾದ ಕರ್ತವ್ಯ.

ಅಭ್ಯಾಸ
1. ಬೆಟ್ಟದ ರೈಲುಮಾರ್ಗಕ್ಕೆ ಕಿರಿದಾದ ಹಳಿಗಳನ್ನು ಹಾಸಲು ಕಾರಣವೇನು?
2. ಹಳೆಯ ಎಂಜಿನ್ನನ್ನು ಓಡುವ ಸ್ಥಿತಿಯಲ್ಲಿ ಉಳಿಸುವುದು ಏಕೆ ಕಷ್ಟ?
3. ನಿಮ್ಮ ಊರಿನಲ್ಲಿ ಕಾಪಾಡಬೇಕಾದ ಹಳೆಯ ವಸ್ತುವೊಂದನ್ನು ಕುರಿತು ಹತ್ತು ವಾಕ್ಯ ಬರೆಯಿರಿ.