ಹಳೇ ಡಿರೇಲರ್‌ಗೆ ಸ್ಕ್ರೂ ಹುಡುಕುವ ಮೊದಲು

ಪುಟ್ಟಿ, ಫೋಟೋ ನೋಡಿದೆ. ಮಿಲಾನಿನಲ್ಲಿ ನೀನು ಕೊಂಡ ಆ ಹಳೇ ರೇಸ್ ಸೈಕಲ್ಲಿಗಿರುವುದು ಕಂಪಾನ್ಯೋಲೊದ ನುವೊವೊ ರೆಕಾರ್ಡ್ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಭಾಗ. ವಿಚೆಂಜಾದ ಆ ಕಂಪನಿ 1967ರಲ್ಲಿ ಅದನ್ನು ಅಲ್ಯೂಮಿನಿಯಂನಲ್ಲಿ ಮಾಡಿ ಹೊರತಂದಿತು. ಚೈನ್ ಎಲ್ಲಿಯವರೆಗೆ ಸರಿಯಬೇಕೆಂದು ತಡೆಯುವ ಎರಡು ಲಿಮಿಟ್ ಸ್ಕ್ರೂಗಳಲ್ಲಿ ಒಂದು ಕಳೆದಿದೆ, ಇನ್ನೊಂದರ ತಲೆ ಸವೆದಿದೆ. "ದೊಡ್ಡಪ್ಪ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕಿಬಿಡಲೇ?" ಎಂದು ಕೇಳಿದ್ದೀಯ. ಬೇಡಮ್ಮ. ಸ್ಕ್ರೂ ಇನ್ನೊಂದು ಸಿಗುತ್ತದೆ. ಅದು ಕೂರುವ ತೂತಿನ ಥ್ರೆಡ್ ಹೋದರೆ ಡಿರೇಲರೇ ಹೋದಂತೆ.

ಮೊದಲು ಉಳಿದಿರುವ ಸ್ಕ್ರೂವನ್ನು ಜೋಪಾನವಾಗಿ ಬಿಚ್ಚು, ನಿನ್ನ ಕೈಲಿರುವ ಮಾದರಿ ಅದೊಂದೇ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡು. ಉಕ್ಕಿನ ಸ್ಕ್ರೂ ಅಲ್ಯೂಮಿನಿಯಂ ಜೊತೆ ವರ್ಷಗಟ್ಟಲೆ ಒದ್ದೆಯಲ್ಲಿದ್ದರೆ ಕಚ್ಚಿಕೊಂಡಿರುತ್ತದೆ. ಬಿಸಿಗಾಳಿ ಹಾಯಿಸಿದರೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗಿ ಹಿಡಿತ ಸಡಿಲವಾಗುತ್ತದೆ. ಸ್ಕ್ರೂಡ್ರೈವರಿನ ತುದಿ ತಲೆಯ ಸೀಳನ್ನು ಪೂರ್ತಿ ತುಂಬುವಂಥದ್ದಿರಲಿ. ಸೀಳು ಪೂರ್ತಿ ಹೋಗಿದ್ದರೆ ತೆಳ್ಳನೆಯ ಅರದಿಂದ ಹೊಸದನ್ನು ಕೊರೆ. ತಲೆಯ ಕೆಳಗೆ ಪುಟ್ಟ ಸ್ಪ್ರಿಂಗ್ ಇದ್ದರೆ ಹಾರಿಹೋಗದಂತೆ ನೋಡಿಕೋ, ಅದುರಿದಾಗ ಸ್ಕ್ರೂ ತಾನಾಗಿ ತಿರುಗದಂತೆ ಹಿಡಿಯುವುದು ಅದೇ.

ಈಗ ಅಳತೆ. ದಪ್ಪ ನಾಲ್ಕು ಮಿ.ಮೀ. ಬಂತೆಂದು ಅಂಗಡಿಗೆ ಓಡಬೇಡ. ಎರಡು ಸುತ್ತುಗಳ ನಡುವಿನ ಅಂತರ, ಪಿಚ್, ಅದನ್ನೂ ನೋಡು. ಇಂದಿನ ನಾಲ್ಕು ಮಿ.ಮೀ. ಸ್ಕ್ರೂವಿನ ಪಿಚ್ ಸಾಮಾನ್ಯವಾಗಿ 0.7. ಹಳೆಯ ಫ್ರೆಂಚ್ ಮತ್ತು ಜಪಾನಿ ಭಾಗಗಳಲ್ಲಿ 0.75 ಇರುವುದುಂಟು. ಈ ಎರಡರ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಹತ್ತು ಸುತ್ತಿಗೆ ಅರ್ಧ ಮಿ.ಮೀ. ಅಷ್ಟೇ. ಮೋಸ ಇರುವುದು ಇಲ್ಲೇ. ತಪ್ಪು ಸ್ಕ್ರೂ ಎರಡು ಮೂರು ಸುತ್ತು ಸಲೀಸಾಗಿ ಒಳಗೆ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ತುಕ್ಕೋ ಕೊಳೆಯೋ ಇರಬೇಕೆಂದು ಇನ್ನಷ್ಟು ಬಲ ಹಾಕಿದರೆ ಮೆತ್ತನೆಯ ಅಲ್ಯೂಮಿನಿಯಂ ಥ್ರೆಡ್ಡನ್ನೇ ಅದು ಕೊರೆದುಕೊಂಡು ಹೋಗುತ್ತದೆ. ಬೆರಳಿನಲ್ಲಿ ಕೊನೆಯವರೆಗೂ ಹೋಗದ ಸ್ಕ್ರೂವಿಗೆ ಸ್ಕ್ರೂಡ್ರೈವರ್ ತೋರಿಸಬೇಡ.

ಥ್ರೆಡ್ ಗೇಜ್ ಇದ್ದರೆ ಸರಿ. ಇಲ್ಲದಿದ್ದರೆ ಗೊತ್ತಿರುವ ಹೊಸ ಸ್ಕ್ರೂವನ್ನು ಹಳೆಯದರ ಪಕ್ಕ ಒತ್ತಿ ಬೆಳಕಿಗೆ ಹಿಡಿ. ಎರಡು ಬಾಚಣಿಗೆಗಳ ಹಲ್ಲು ಒಂದರೊಳಗೊಂದು ಕೂತಂತೆ ಉದ್ದಕ್ಕೂ ಕೂರಬೇಕು, ಸಂದಿಯಲ್ಲಿ ಬೆಳಕು ಇಣುಕಿದರೆ ಅದು ಬೇರೆಯದು.

ಉದ್ದವನ್ನೂ ಬರೆದಿಟ್ಟುಕೋ. ಸ್ಕ್ರೂ ಗಿಡ್ಡವಾದರೆ ತುದಿ ತಡೆಯವರೆಗೆ ಮುಟ್ಟುವುದಿಲ್ಲ, ಚೈನ್ ದೊಡ್ಡ ಹಲ್ಲುಗಾಲಿಯನ್ನು ದಾಟಿ ಕಡ್ಡಿಗಳೊಳಗೆ ಬೀಳಬಹುದು. ಏರಿನಲ್ಲಿ ಹಾಗಾದರೆ ಚಕ್ರವೂ ಕೆಡುತ್ತದೆ, ನೀನೂ ಬೀಳುತ್ತೀಯ.

ಡಿರೇಲರನ್ನು ಫ್ರೇಮಿಗೆ ಹಿಡಿಯುವ ದಪ್ಪ ಬೋಲ್ಟಿನದು ಬೇರೆಯೇ ಲೆಕ್ಕ. ಹಳೇ ಕಂಪಾನ್ಯೋಲೊದಲ್ಲಿ ಅದು ಹತ್ತು ಮಿ.ಮೀ., ಇಂಚಿಗೆ 26 ಸುತ್ತು. ಶಿಮಾನೊ, ಸನ್‌ಟೂರ್‌ಗಳಲ್ಲಿ ಹತ್ತು ಮಿ.ಮೀ., ಪಿಚ್ ಒಂದು. ಇವೆರಡೂ ಎಷ್ಟು ಹತ್ತಿರವೆಂದರೆ ಒಂದರ ಜಾಗಕ್ಕೆ ಇನ್ನೊಂದು ಹಿಡಿಸುತ್ತದೆ. ಅದೇ ಧೈರ್ಯವನ್ನು ಸಣ್ಣ ಸ್ಕ್ರೂಗಳಲ್ಲಿ ತೋರಬೇಡ.

ಹುಡುಕುವುದೆಲ್ಲಿ? ಅದೇ ಮಾದರಿಯ ಮುರಿದ ಡಿರೇಲರ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಹಳೇ ಸೈಕಲ್ ರಿಪೇರಿಯವರ ಡಬ್ಬಗಳನ್ನು ಕೇಳು, ಮಾದರಿ ಸ್ಕ್ರೂ ಜೇಬಿನಲ್ಲಿರಲಿ. ಟಸ್ಕನಿಯ ಗಯೋಲೆಯಲ್ಲಿ ಲೆರೋಯಿಕಾ ಸವಾರಿಗೆ ಹೋಗುತ್ತೇನೆ ಎಂದೆಯಲ್ಲ, 1987ಕ್ಕಿಂತ ಮುಂಚಿನ ಸೈಕಲ್ಲುಗಳೇ ಸೇರುವ ಜಾಗ ಅದು, ಹಳೇ ಬಿಡಿಭಾಗಗಳ ಸಂತೆಯೂ ನಡೆಯುತ್ತದೆ. ಎಲ್ಲೂ ಸಿಗದಿದ್ದರೆ ರಜೆಗೆ ಬರುವಾಗ ಸ್ಕ್ರೂ, ಡಿರೇಲರ್ ಎರಡನ್ನೂ ತಾ. ಪೀಣ್ಯದಲ್ಲಿ ಲೇತ್ ಹಿಡಿದವರ ಹತ್ತಿರ ಕೂತು ಮಾಡಿಸೋಣ. ತೂತಿಗೆ ಟ್ಯಾಪ್ ಹೊಡೆಸಿ ಬೇರೆ ಥ್ರೆಡ್ ಕೊರೆಸುವ ಸಲಹೆ ಯಾರು ಕೊಟ್ಟರೂ ಒಪ್ಪಬೇಡ.

ಸ್ಕ್ರೂ ಸಿಕ್ಕ ಮೇಲೆ ತುಸು ಗ್ರೀಸ್ ಸವರಿ ಹಾಕು. ಕೇಬಲ್ ಕಟ್ಟುವ ಮೊದಲು ಹಿಂದಿನ ಚಕ್ರ ಎತ್ತಿ, ಪೆಡಲ್ ನಿಧಾನವಾಗಿ ತಿರುಗಿಸುತ್ತಾ ಡಿರೇಲರನ್ನು ಕೈಯಿಂದ ಒಳಗೆ ತಳ್ಳು. ದೊಡ್ಡ ಹಲ್ಲುಗಾಲಿಯ ಮೇಲೆ ಚೈನ್ ನಿಂತು, ಎಷ್ಟು ತಳ್ಳಿದರೂ ಕಡ್ಡಿಯ ಕಡೆ ಸರಿಯದಿದ್ದರೆ ಕೇಬಲ್ ಕಟ್ಟು.